ನಾಲ್ಕನೇ ಗಂಟು

ಚಳಿಗಾಲದ ಒಂದು ಭಾನುವಾರ, ಬೆಳಿಗ್ಗೆ ಆರೂಕಾಲು. ಹಿಂದಿನ ಸಂಜೆ ತೀರಿಕೊಂಡ ಅವ್ವನನ್ನು ಕೊಟ್ಟೂರಿನ ನಮ್ಮ ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದೆವು. ಪಕ್ಕದಲ್ಲಿದ್ದವರು ನಾನು, ಸೋದರಮಾವ, ಎದುರುಮನೆಯ ಕಂಟ್ರೋಲರ್. ಅವರ ಬಲಗೈ ಹೆಬ್ಬೆರಳಿನ ಉಗುರು ಹಳದಿಗಟ್ಟಿ ಚಮಚದಂತೆ ಬಾಗಿತ್ತು. ಅದನ್ನು ಮಡಿಲಲ್ಲಿದ್ದ ಗ್ಲೋಬಿನ ಮೇಲಿನ ಲಂಡನ್ನಿಗೆ ಒತ್ತಿ ಹಿಡಿದಿದ್ದರು.

ಕಂಟ್ರೋಲರ್ ಮೂವತ್ತು ವರ್ಷ ಬಸ್ ನಿಲ್ದಾಣದಲ್ಲಿ ಹೊತ್ತು ನೋಡಿ ಬಸ್ಸುಗಳನ್ನು ಹೊರಡಿಸುವ ಕೆಲಸ ಮಾಡಿ ನಿವೃತ್ತರಾದವರು. ಒಮ್ಮೆಯೂ ವಿಮಾನ ಹತ್ತಿದವರಲ್ಲ. ನಮ್ಮ ಶಾಲೆ ಕಸಕ್ಕೆ ಹಾಕಿದ್ದ ಗ್ಲೋಬನ್ನು ಎತ್ತಿ ತಂದು, ಸಾವಿರ ಕಿಲೋಮೀಟರಿಗೊಂದು ಗಂಟು ಹಾಕಿದ ದಾರದಿಂದ ಊರೂರು ಅಳೆಯುತ್ತಿದ್ದರು. "ವಿಮಾನ ಹಾರೋ ಹೊತ್ತು ಬಿಡ್ರಿ. ಹೊಸ್ತಿಲಿಂದ ಹೊಸ್ತಿಲಿಗೆ ಲೆಕ್ಕ ಹಾಕ್ರಿ" ಎಂಬುದು ಅವರ ಮಾತು.

ನನ್ನ ತಂಗಿ ಲಂಡನ್ನಿನಲ್ಲಿ ದಾದಿ. ರಾತ್ರಿ ಎಂಟಕ್ಕೆ ವಿಮಾನ, ಹತ್ತು ತಾಸಿನ ದಾರಿ ಎಂದಿದ್ದಳು. ಬೆಳಿಗ್ಗೆ ಆರಕ್ಕೆ ಬೆಂಗಳೂರು, ಹನ್ನೆರಡಕ್ಕೆ ಕೊಟ್ಟೂರು ಎಂದು ಕೂಡಿಸಿ, ಒಂದು ಗಂಟೆಗೆ ಮಣ್ಣು ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೆ. ಡ್ರಿಲ್ ಮಾಸ್ತರನಾಗಿದ್ದವನು, ಹೇಳಿದ ಹೊತ್ತು ತಪ್ಪಿದವನಲ್ಲ. ಆದರೆ ಈಗ ಅವಳ ಫೋನ್ ಹತ್ತುತ್ತಿರಲಿಲ್ಲ.

"ಎಂಟು ಅಂದ್ರ ಯಾರ ಎಂಟ್ರೀ, ಮಾಸ್ತರ್ರ?" ಎಂದರು ಕಂಟ್ರೋಲರ್. "ಆಕಿ ಗಡಿಯಾರದ್ದು. ನಮ್ಮದ್ರಾಗ ನಡುರಾತ್ರಿ ದಾಟಿ ಒಂದೂವರಿ. ಈ ದಾರದ ಮ್ಯಾಲ ಎಂಟು ಗಂಟಿನ ದಾರಿ ಐತಿ, ಈಗಿನ್ನೂ ನಾಲ್ಕನೇ ಗಂಟಿನ ಹತ್ರ ಅದಾಳ. ಹನ್ನೊಂದೂವರಿಗೆ ಇಳೀತಾಳ."

ನಾನು ಬೆರಳು ಮಡಚಿ ಮತ್ತೆ ಕೂಡಿಸಿದೆ. ಇಳಿದು ಹೊರಬರಲು ಅರ್ಧ ತಾಸು, ದಾರಿ ಆರು ತಾಸು, ಮನೆ ಮುಟ್ಟುವಷ್ಟರಲ್ಲಿ ಸಂಜೆ ಆರಾಗುತ್ತದೆ. ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು.

"ಒಂದು ಅಂದ್ರ ಒಂದಽ" ಎಂದರು ಸೋದರಮಾವ. "ಬಂದ ಮಂದಿ ಕಾಯ್ಕೋತ ಕುಂದರ್ತಾರೇನು?"

"ಮಂದೀನ ಕಾಯಿಸೇ ಪಗಾರ ಉಂಡಾವ ನಾನು, ಮಾವಾರ. ಬೈತಾರ, ಆದ್ರ ಕಾಯ್ತಾರ."

ಮಾವ ಆ ದುಃಖದಲ್ಲೂ ನಕ್ಕುಬಿಟ್ಟರು. ಕಂಟ್ರೋಲರ್ ನನ್ನ ಕಡೆ ತಿರುಗಿದರು.

"ಆಕಿ ಮನಿಗೆ ಬರೋದು ಬ್ಯಾಡ. ಮಣ್ಣು ಮಾಡೋ ನಿಮ್ಮ ಹೊಲ ಆಕಿ ಬರೋ ಕೂಡ್ಲಿಗಿ ರಸ್ತ್ಯಾಗಽ ಐತಿ. ಅವ್ವನ್ನ ಮೊದ್ಲ ಅಲ್ಲಿಗೆ ಒಯ್ಯೂನು. ಊರೊಳಗಿನ ಅರ್ಧ ತಾಸು ಉಳೀತೈತಿ."

ಹಾಗೆಯೇ ಮಾಡಿದೆವು. ತಂಗಿ ಇಳಿದ ಕೂಡಲೇ ಫೋನಿನಲ್ಲಿ ದಾರಿ ಹೇಳಿದೆವು. ಕಂಟ್ರೋಲರ್ ನಾಲ್ಕೂವರೆಯಿಂದಲೇ ರಸ್ತೆ ಬದಿಗೆ ನಿಂತರು. ಐದೂವರೆಗೆ ಕೈ ಎತ್ತಿ, ಬಸ್ ನಿಲ್ಲಿಸುವಂತೆ ಅವಳ ಕಾರು ನಿಲ್ಲಿಸಿದರು. ತಂಗಿ ಬರಿಗಾಲಲ್ಲಿ ಓಡಿಬಂದು ಅವ್ವನ ನೆತ್ತಿಯ ಮೇಲೆ ಬಿಲ್ವಪತ್ರೆ ಇಟ್ಟಳು. ಬಿಸಿಲಿನ್ನೂ ಇತ್ತು.

ಹೋದ ತಿಂಗಳು ಕಂಟ್ರೋಲರ್ ತೀರಿಕೊಂಡರು. ಮಣ್ಣಿನ ಹೊತ್ತು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ಅವರ ಮಗಳು ಹೊರಡಬೇಕಾದದ್ದು ಹರಪನಹಳ್ಳಿಯಿಂದ, ಅಕ್ಕ ತಂಬ್ರಹಳ್ಳಿಯಿಂದ. ಹೊಸ್ತಿಲಿಂದ ಹೊಸ್ತಿಲಿಗೆ ಲೆಕ್ಕ ಹಾಕಿ ನಾಲ್ಕು ಗಂಟೆ ಎಂದೆ. ಇಬ್ಬರೂ ಮುಟ್ಟಿದ್ದರು.

ಮನೆಗೆ ಬಂದು ಸ್ನಾನ ಮಾಡಿ ತಂಗಿಗೆ ಫೋನ್ ಮಾಡಿದೆ. ಸುದ್ದಿ ಹೇಳುವ ಮೊದಲು, ಅಲ್ಲಿ ಈಗ ಎಷ್ಟು ಗಂಟೆ ಎಂದು ಕೇಳಿದೆ. ಆಮೇಲೆ ಹೇಳಿದೆ. ಆ ದಿನದ ಕೊನೆಯ ಕೆಲಸ ಅದು.