ರತ್ನಳ ಮನಿಪ್ಲಾಂಟಿಗೆ ಸುರಿದ ಉಪ್ಪುನೀರು

ರತ್ನಾ, ನಿನ್ನ ಮನಿಪ್ಲಾಂಟನ್ನು ಕೊಂದವಳು ನಾನು. ನೀರು ಹೆಚ್ಚಾಗಿ ಕೊಳೆತದ್ದಲ್ಲ, ದೃಷ್ಟಿ ತಾಗಿದ್ದಲ್ಲ, ನಿನ್ನ ಕೈಗುಣವಂತೂ ಅಲ್ಲವೇ ಅಲ್ಲ — ಉಪ್ಪುನೀರು. ನಾನೇ ಕದಡಿ, ನಾನೇ ಸುರಿದೆ.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾಗಮಂಗಲದ ಕಡೆಯಿಂದ ಕ್ಯಾತನಹಳ್ಳಿಯ ಈ ಮನೆಗೆ ಹಿರಿಸೊಸೆಯಾಗಿ ನಾನು ಮೊದಲೇ ಬಂದಿದ್ದೆ. ನೀನು ನನ್ನ ಮೈದುನನ ಕೈಹಿಡಿದು ಶೀಳನೆರೆಯಿಂದ ಬಂದೆ. ಬರುವಾಗ ತವರಿನಿಂದ ಒಂದು ಗೇಣು ಬಳ್ಳಿ ತಂದು, ಬಾಯಿ ಒಡೆದ ಉಪ್ಪಿನಕಾಯಿ ಜಾಡಿಗೆ ಮಣ್ಣು ತುಂಬಿ ನೆಟ್ಟೆ. ಬೆರಳಿಟ್ಟು ನೋಡಿ, ಮಣ್ಣು ಒಣಗಿದ್ದರೆ ಮಾತ್ರ ನೀರು. ಎಲೆಯ ಮೇಲೆ ಧೂಳು ಕೂತರೆ ಒದ್ದೆ ಬಟ್ಟೆಯಲ್ಲಿ ಒರೆಸುವುದು. ನಡುಮನೆಯ ಗೋಡೆಗೆ ಮೊಳೆ ಹೊಡೆದು ದಾರ ಕಟ್ಟಿದೆ — ಅದು ಬಾಗಿಲ ಮೇಲೆ ಹತ್ತಿ, ದೇವರ ಪಟಗಳನ್ನು ಬಳಸಿ, ಹಜಾರದವರೆಗೂ ಹೋಯಿತು. ಅಕ್ಕಪಕ್ಕದವರು ಕುಡಿ ಕೇಳಿಕೊಂಡು ಬರುತ್ತಿದ್ದರು. ಕೊಟ್ಟರೆ ಹತ್ತುವುದಿಲ್ಲ, ಕದ್ದರೇ ಹತ್ತುವುದು ಅಂತ, ಅವರು ಮುರಿದುಕೊಳ್ಳುವಾಗ ನೀನು ಮುಖ ತಿರುಗಿಸಿ ನಗುತ್ತ ನಿಲ್ಲುತ್ತಿದ್ದೆ. ಆ ನಗು ಕಂಡರೆ ನನಗೆ ಮೈಯೆಲ್ಲ ಉರಿ.

ಬರೀ ಬಳ್ಳಿಯಾಗಿದ್ದರೆ ಸಹಿಸುತ್ತಿದ್ದೆನೋ ಏನೋ. ಆದರೆ ನಮ್ಮ ಮನೆಯಲ್ಲಿ ಭತ್ತದ ನಾಟಿಯ ದಿನ ಗದ್ದೆಗೆ ಮೊದಲ ಪೈರು ಊರುವುದು ಕೈಗುಣ ಇರುವ ಹೆಣ್ಣುಮಗಳು. ಬಂದ ವರ್ಷದಿಂದ ಅದು ನಾನೇ. ಆ ಜಂಬದಲ್ಲೇ ನಾನು ತಲೆಯೆತ್ತಿ ಓಡಾಡುತ್ತಿದ್ದೆ. ಆ ಸಲ ಅತ್ತೆ ನಿನ್ನ ಬಳ್ಳಿಯನ್ನೇ ನೋಡುತ್ತ ಅಂದರು: "ಈ ಸತಿ ಮೊದಲ್ ಪೈರ ರತ್ನನ ಕೈಲಿ ಊರ್ಸುವ ಕಣವ್ವ. ಬಳ್ಳಿಯ ಎಂಗ್ ಅಬ್ಸವ್ಳೆ ನೋಡು."

ನಾನು ಹೂಂ ಅಂದೆ. ನಕ್ಕೂ ನಕ್ಕೆ.

ಮಾರನೆಯ ಮಧ್ಯಾಹ್ನ ನೀನು ಕಬ್ಬಿನ ಗದ್ದೆಗೆ ಬುತ್ತಿ ಹೊತ್ತುಕೊಂಡು ಹೋದಾಗ ಜಾಡಿಗೆ ಉಪ್ಪುನೀರು ಸುರಿದೆ. ಒಂದು ಸಲವಲ್ಲ — ಎಲೆ ಹಳದಿಯಾಗುವವರೆಗೂ. ನೀನು ಗಾಬರಿಯಾಗಿ ಜಾಡಿಯನ್ನು ಬೆಳಕಿಗೆ ಎಳೆದೆ, ಮಣ್ಣು ಸಡಿಲ ಮಾಡಿದೆ, ಒಣಗಿದ ಎಲೆ ಕಿತ್ತೆ. ನಾನು ಪಕ್ಕದಲ್ಲಿ ನಿಂತು ಛೆ ಛೆ ಅನ್ನುತ್ತಿದ್ದೆ. ಮಳ್ಳಿ, ಮಳ್ಳಿ ನಾನು.

ಬಳ್ಳಿ ಬುಡದಿಂದ ಕುಸಿದ ದಿನ ಅತ್ತೆ ಎಲ್ಲರೆದುರಿಗೇ ತೀರ್ಮಾನ ಹೇಳಿದರು: "ಬಳ್ಳಿನೇ ಉಳಿಸ್ಕಳ್ದೋಳು ಪೈರ್ ಊರುದ್ರೆ ಗದ್ದೆ ಉಳಿದದಾ? ಬ್ಯಾಡ ಬುಡು."

ನೀನು ಹಿತ್ತಿಲಲ್ಲಿ ಕೂತು ಅಳುತ್ತ ನನ್ನನ್ನೇ ಕೇಳಿದೆ — ನನ್ನನ್ನೇ! — "ನನ್ ಕೈನೇ ಸರಿ ಇಲ್ವೇನಕ್ಕ?"

ಆಗ ಹೇಳಬಹುದಿತ್ತು. ಬಾಯಿಗೆ ಬಂದದ್ದು ಬೇರೆ. "ಓಗ್ಲಿ ಬುಡು ರತ್ನ. ಎಲ್ಲಾರ್ ಕೈಲೂ ಎಲ್ಲಾ ಬರಕ್ಕಿಲ್ಲ." ಅಂದು, ನಿನ್ನ ತಲೆಯನ್ನೂ ಸವರಿದೆ.

ಮೊದಲ ಪೈರು ನಾನೇ ಊರಿದೆ. ಉಪ್ಪು ತಿಂದವರು ನೀರು ಕುಡಿಯಬೇಕು ಅನ್ನುತ್ತಾರೆ. ಉಪ್ಪು ಸುರಿದ ನಾನು ಹಾಯಾಗಿದ್ದೆ, ಆ ವರ್ಷ ಭತ್ತವೂ ಚೆನ್ನಾಗಿ ಬಂತು.

ನೀನು ಮರೆಯುತ್ತೀಯ ಅಂದುಕೊಂಡಿದ್ದೆ. ಅದಾದ ಮೇಲೆ ನೀನು ಒಂದು ದಾಸವಾಳದ ಕಡ್ಡಿಯನ್ನೂ ನೆಡಲಿಲ್ಲ. ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿಕೊಟ್ಟು, ನಿನ್ನ ಕೈ ತಾಗಿದರೆ ಕೆಡುತ್ತದೆಂದು ಕಲಸುವುದಕ್ಕೆ ನನ್ನನ್ನು ಕರೆಯುತ್ತಿದ್ದೆ. ನಿನ್ನ ಮಗಳು ಚೈತ್ರಳಿಗೆ ಮೊದಲ ಅನ್ನ ಉಣಿಸುವ ದಿನ ತಟ್ಟೆಯನ್ನು ನನ್ನ ತೊಡೆಯ ಮೇಲಿಟ್ಟೆ. "ಮೊದಲ್ ತುತ್ತ ನೀನೇ ಇಕ್ಕಕ್ಕ. ನನ್ ಕೈ ಬ್ಯಾಡ." ಹೆತ್ತವಳು ನೀನು — ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದೆ. ಆಗಲೂ ನಾನು ಬಾಯಿ ಬಿಡಲಿಲ್ಲ. ಇಕ್ಕಿದೆ. ಥೂ ನನ್ನ ಜನ್ಮಕ್ಕೆ.

ಅತ್ತೆ ಹಾಗೇ ನಂಬಿಕೊಂಡು ತೀರಿಹೋದರು. ಅವರ ಬಾಯಿಂದ ಆ ಮಾತನ್ನು ವಾಪಸು ತೆಗೆಸುವ ದಾರಿ ಈಗಿಲ್ಲ. ನಾನು ಹೊಟ್ಟೆಕಿಚ್ಚಿಗೆ ಮಾಡಿದೆ, ಆಮೇಲೆ ಮರ್ಯಾದೆಗೆ ಅಂಜಿ ಮುಚ್ಚಿಟ್ಟೆ — ಇದಕ್ಕೆ ಬೇರೆ ಹೆಸರಿಲ್ಲ.

ನಾಳೆ ಚೈತ್ರಳ ಅರಿಶಿನ. ಮೊದಲ ಅರಿಶಿನ ನಾನೇ ಹಚ್ಚಬೇಕು ಅಂತ ಈ ಸಂಜೆ ನೀನು ಮತ್ತೆ ಹೇಳಿ ಹೋಗಿದ್ದೀಯ. ನಾನು ಹಚ್ಚುವುದಿಲ್ಲ. ನೆಂಟರೆಲ್ಲ ಕೂತಿರುವಾಗ, ಇಲ್ಲಿ ಬರೆದದ್ದನ್ನು ಬಾಯಿಬಿಟ್ಟು ಹೇಳುತ್ತೇನೆ. ನಿನ್ನ ಮಗಳ ಕೆನ್ನೆ ಮೊದಲು ಮುಟ್ಟಬೇಕಾದ್ದು ನಿನ್ನ ಕೈ. ನಾನು ಆ ಚಪ್ಪರದಲ್ಲಿ ಇರಲೋ, ಎದ್ದು ಹೋಗಲೋ — ಅದನ್ನು ನೀನೇ ಹೇಳು.