ಮೀನಂಟಿನ ಮ್ಯಾಂಡೋಲಿನ್

ಕುಮಟೆಗೆ ಬಂದ ಮೊದಲ ಮಳೆಗಾಲದಲ್ಲಿ ನಮ್ಮ ಮ್ಯಾಂಡೋಲಿನ್ ಬಾಯಿ ಬಿಟ್ಟಿತು. ಗೋಡೆಗೆ ತೂಗುಹಾಕಿದ್ದಲ್ಲೇ ಬುರುಡೆ ಒಂದು ಕಡೆ, ಮುಖದ ಹಲಗೆ ಒಂದು ಕಡೆ. ಒಳಗೆಲ್ಲ ಹಸಿರು ಬೂಷ್ಟು. ಬೂಷ್ಟು ಅಂದರೆ ನಮ್ಮ ಧಾರವಾಡದ ಬೂಸರು. ಅಲ್ಲಿ ಅದು ಹಳಸಿದ ರೊಟ್ಟಿಗೆ ಬರುತ್ತದೆ. ಇಲ್ಲಿ ಚಪ್ಪಲಿಗೆ, ಪಂಚಾಂಗಕ್ಕೆ, ಕಡೆಗೆ ನನ್ನ ಧಾರೆ ಸೀರೆಗೂ ಬಂತು. ಥೂ ಅನಿಸಿತು.

ನನ್ನ ಯಜಮಾನರು ಮಾಮಲೇದಾರ ಕಚೇರಿಯ ಗುಮಾಸ್ತರು, ವರ್ಗವಾಗಿ ಬಂದವರು. ಸಂಜೆ ಕೋಟು ಕಳಚಿ ಮ್ಯಾಂಡೋಲಿನ್ ಹಿಡಿದರೇನೇ ಇವರಿಗೆ ಮಾತು ಬರುತ್ತಿತ್ತು. ಅದು ಹಾಳಾದ ಮೇಲೆ ಗೋಡೆ ನೋಡುತ್ತ ಕೂರತೊಡಗಿದರು. ಹೊರಗೆ ಹೋದರೆ ಒಣಮೀನಿನ ನಾತ, ಒಳಗೆ ಬಂದರೆ ಈ ಮೌನ. ನನಗೆ ಹುಚ್ಚು ಹಿಡಿಯುವ ಮೊದಲು, ಇವರಿಗೆ ಸುಳಿವು ಕೊಡದೆ, ಒಳ್ಳೆಯದೊಂದು ಮ್ಯಾಂಡೋಲಿನ್ ತಂದು ಮಡಿಲಲ್ಲಿಡಬೇಕೆಂದು ನಿಶ್ಚಯಿಸಿದೆ.

ಎರಡನೆಯ ಮಹಾಯುದ್ಧದ ಕಾಲ. ಪರದೇಶದ ವಾದ್ಯ ಬರುವುದು ನಿಂತಿತ್ತು. ಕುಮಟೆಯ ಒಂದು ಅಂಗಡಿಯಲ್ಲಿ ಮುಂಬಯಿಯದೊಂದಿತ್ತು, ಮೈತುಂಬ ಕಪ್ಪೆಚಿಪ್ಪಿನ ಹೂವು. ಇವರ ಬಾಯಿಂದ ಕೇಳಿ ಕೇಳಿ ನನಗೂ ಅಷ್ಟಿಷ್ಟು ತಿಳಿದಿತ್ತು. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದರೆ ಕುತ್ತಿಗೆ ಡೊಂಕು. ಜೋಡಿ ತಂತಿ ಎರಡೂ ಒಂದೇ ಸ್ವರ ಹೇಳಬೇಕು. ಇವು ಸವತಿಯರಂತೆ ಜಗಳಾಡಿದವು. ಅಂಗಡಿಯವರು ಮತ್ತೆ ಮತ್ತೆ ಹೂವನ್ನೇ ತೋರಿಸಿದರು. ಅಸಹ್ಯಪಟ್ಟು ಎದ್ದು ಬಂದೆ.

ಮುಂಬಯಿಯಲ್ಲಿ ವಾದ್ಯ ಮಾಡುತ್ತಿದ್ದ ಆಚಾರಿಯೊಬ್ಬರು ಯುದ್ಧಕ್ಕೆ ಹೆದರಿ ಹೊನ್ನಾವರಕ್ಕೆ ಮರಳಿದ್ದಾರೆಂದು ನೆರೆಮನೆಯ ಶಾಂತಕ್ಕ ಹೇಳಿದರು. ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ, ಹೊಗೆ ಕಾರುವ ಬಸ್ಸಿನಲ್ಲಿ ವಾಂತಿ ತಡೆದುಕೊಂಡು ಶಾಂತಕ್ಕನ ಜೊತೆ ಹೋದೆ. ಆಚಾರಿಯ ಮ್ಯಾಂಡೋಲಿನ್‌ಗೆ ಹೂವೂ ಇಲ್ಲ, ಹೊಳಪೂ ಇಲ್ಲ. ಆದರೆ ಕುತ್ತಿಗೆ ನೆಟ್ಟಗಿತ್ತು. ಮೇಲಿನಿಂದ ಕೆಳಗಿನವರೆಗೆ ತಂತಿ ಒತ್ತಿ ಒತ್ತಿ ಮೀಟಿದೆ, ಎಲ್ಲೂ ಗೊರಗುಟ್ಟಲಿಲ್ಲ. ಇದೇ ಆಗಲಿ ಎನ್ನುವಷ್ಟರಲ್ಲಿ ಒಲೆಯ ಮೇಲಿದ್ದ ಗಡಿಗೆಯಿಂದ ನಾತ ಬಂತು. ಅದೇನೆಂದು ಕೇಳಿದೆ.

“ಅಂಟು, ಅಮ್ಮ. ಮೀನಿನ ಹೊಟ್ಟೆ ಒಳಗಿನ ಗಾಳಿಚೀಲದ್ದು. ತದಡಿ ಬಂದರಿನಿಂದ ಬರ್ತದೆ.”

ವಾದ್ಯ ಮುಟ್ಟಿದ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಸರಸ್ವತಿ ಪೂಜೆಗೆ ಇಡುವ ವಸ್ತುವಿಗೆ ಮೀನೇ ಎಂದು ರೇಗಿದೆ.

“ನಿಮ್ಮ ಹಳೇದಕ್ಕೆ ಎಂತ ಹಾಕಿದ್ರು ಅಂತ ಮಾಡಿದ್ರಿ? ಅದು ಚರ್ಮ ಕುದಿಸಿದ ಅಂಟು. ಯಾವ ಪ್ರಾಣಿದು ಅಂತ ಯಾರು ಕೇಳ್ತಾರೆ?”

ಅಂದರೆ ಇಷ್ಟು ವರ್ಷ ಪ್ರತಿ ಸರಸ್ವತಿ ಪೂಜೆಗೂ ನಮ್ಮ ದೇವರ ಮನೆಯಲ್ಲಿ ಚರ್ಮ ಕೂತಿತ್ತು. ಮೀನಿನ ಮೇಲಿದ್ದ ಹೇಸಿಗೆಯ ಜೊತೆಗೆ ನಮ್ಮ ಮಡಿಯ ಮೇಲೂ ಹೇಸಿಗೆ ಹುಟ್ಟಿತು. ಮೂಗು ಮುಚ್ಚಿಕೊಂಡೇ ಕೊಂಡೆ.

ಅಂದು ಇವರು ಊಟಕ್ಕೆ ಕರೆದರೂ ಏಳದೆ ನುಡಿಸಿದರು. ನಾನು ಅಡುಗೆಮನೆಯಲ್ಲಿ ನಿಂತು ಅತ್ತುಬಿಟ್ಟೆ. ಅಂಟಿನ ಮಾತು ಮಾತ್ರ ಎತ್ತಲಿಲ್ಲ. ಇವರು ಮಡಿವಂತರು, ತಿಳಿದರೆ ಮತ್ತೆ ಮುಟ್ಟಲಿಕ್ಕಿಲ್ಲ, ಮತ್ತೆ ಅದೇ ಗೋಡೆ.

ದಸರೆಗೆ ಧಾರವಾಡಕ್ಕೆ ಹೋದೆವು. ನನ್ನ ಅತ್ತೆ ಮಡಿಯುಟ್ಟು ಮ್ಯಾಂಡೋಲಿನ್ನನ್ನು ಪುಸ್ತಕಗಳ ಪಕ್ಕ ಮಣೆಯ ಮೇಲಿಟ್ಟು ಕುಂಕುಮ ಏರಿಸಿದರು. “ಆ ಮೀನ ತಿನ್ನೋ ಮಂದ್ಯಾಗ ಇದ್ದೂ ನೀವು ಶುದ್ಧ ಉಳದೀರಿ, ಅದ ಪುಣ್ಯ” ಎಂದರು. ವರ್ಷದ ಹಿಂದೆ ನಾನೂ ಇದನ್ನೇ ಹೇಳುತ್ತಿದ್ದೆ. ಈಗ ಮೀನು ತಿನ್ನುವ ಶಾಂತಕ್ಕನ ಮುಖ ನೆನಪಾಗಿ ಮೈಯೆಲ್ಲ ಉರಿಯಿತು.

ಅತ್ತೆ ಆರತಿ ತರಲು ಒಳಗೆ ಹೋದಾಗ ಇವರು ನನ್ನ ಕಡೆ ಬಾಗಿದರು. “ಅದರ ಅಂಟು ಮೀನಿಂದು. ತಂತಿ ತರಲಿಕ್ಕೆ ಹೋದಾಗ ಆಚಾರಿ ಹೇಳಿದರು. ನಿನಗ ಹೇಳಿದ್ದರ ನೀ ಬಾವಿಗೆ ಒಗೀತಿದ್ದಿ ಅಂತ ಸುಮ್ಮನಿದ್ದೆ.”

ನನಗೆ ಮೊದಲಿನಿಂದಲೂ ಗೊತ್ತು ಎಂದೆ. ನಾನು ಹೊಸಲು ತುಳಿದು ಸೊಸೆಯಾಗಿ ಬಂದ ಮನೆ, ಇವರು ಹುಟ್ಟಿದ ಮನೆ. ಅಲ್ಲಿ ನಾವಿಬ್ಬರೂ ಆ ಗಳಿಗೆ ಕುಮಟೆಯಿಂದ ಬಂದ ಅತಿಥಿಗಳಾಗಿದ್ದೆವು.

ಅತ್ತೆ ಆರತಿ ಎತ್ತಿ, ನಮಸ್ಕಾರ ಮಾಡಿರಿ ಎಂದರು. ಇಬ್ಬರೂ ಅಡ್ಡಬಿದ್ದೆವು. ನಗು ತಡೆಯಲಾರದೆ ಹಣೆಯನ್ನು ನೆಲಕ್ಕೆ ಒತ್ತಿ ಹಿಡಿದೆವು. ಎಷ್ಟು ಹೊತ್ತಾದರೂ ಏಳದ್ದನ್ನು ಕಂಡು ನಮ್ಮ ಭಕ್ತಿ ಅತ್ತೆಗೆ ಬಹಳ ಹಿಡಿಸಿತು.