ಮಹಡಿಯ ಅಕ್ಕನ ಎರಡು ಸಾವು

ಕಲ್ಕತ್ತೆಯ ಲೇಕ್ ಮಾರ್ಕೆಟ್ಟಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಉಡುಪಿ ಕಡೆಯ ಅಕ್ಕ ರೇಡಿಯೊದಲ್ಲಿ ಬಂಗಾಳಿ ನಿರೂಪಕಿ, ರಜೆಯಲ್ಲಿ ಕನ್ನಡ ನಾಟಕದ ನಾಯಕಿ. ರೇಡಿಯೊದಲ್ಲಿ ಬಂಗಾಳಿಯಲ್ಲಿ ಹೇಳುವ "ಅಡಚಣೆಗಾಗಿ ವಿಷಾದಿಸುತ್ತೇವೆ" ಎಂಬುದನ್ನು ಮನೆಯಲ್ಲಿ ಸಾರಿಗೆ ಉಪ್ಪು ಹೆಚ್ಚಾದಾಗ ಕನ್ನಡದಲ್ಲಿ ಹೇಳುತ್ತಿದ್ದರು. ಅದು ಕ್ಷಮೆಯಲ್ಲ, ಅಪ್ಪಣೆ. ಗಂಡ ತೆಪ್ಪಗೆ ಉಣ್ಣುತ್ತಿದ್ದರು.

ಒಂದು ನಾಟಕದಲ್ಲಿ ಅವರಿಗೆ ಕ್ಷಯದಿಂದ ಸಾಯುವ ಪಾತ್ರ ಬಂತು. ತಿಂಗಳುಗಟ್ಟಲೆ ಮೆಟ್ಟಿಲ ಮೇಲೆ ಕೆಮ್ಮಿ ಅಭ್ಯಾಸ ಮಾಡಿದರು. ಕೆಳಮನೆಯ ಬಂಗಾಳಿ ಮಾಶಿಮಾ, ಅಂದರೆ ನಮ್ಮೆಲ್ಲರ ಚಿಕ್ಕಮ್ಮ, ಅದನ್ನು ನಿಜವೆಂದೇ ನಂಬಿ ದಿನಾ ತುಳಸಿ ಕಷಾಯ ಕಳಿಸಿದರು. ಅಕ್ಕ ಬೇಡವೆನ್ನದೆ ಕುಡಿದರು.

ನಾಟಕದ ದಿನ ಅಕ್ಕ ಚೆನ್ನಾಗಿಯೇ ಸತ್ತರು. ಅಷ್ಟರಲ್ಲಿ ಲೋಡ್‌ಶೆಡ್ಡಿಂಗ್. ಸೀಟಿ, ಕೂಗಾಟ. ಕತ್ತಲೊಳಗಿಂದ ಆ ರೇಡಿಯೊ ಧ್ವನಿ ಕೇಳಿಸಿತು: "ಅಡಚಣೆಗಾಗಿ ವಿಷಾದಿಸುತ್ತೇವೆ. ಯಾರೂ ಏಳಬೇಡಿ."

ಸಭೆ ಗಪ್‌ಚಿಪ್ ಆಯಿತು. ಕರೆಂಟು ಬಂದಾಗ ಹೆಣ ರಂಗದ ಅಂಚಿನಲ್ಲಿ ಕೈಕಟ್ಟಿ ನಿಂತಿತ್ತು.

"ನೀನು ಸತ್ತದ್ದಲ್ವಾ ಮಾರಾಯ್ತಿ!" ಎಂದರು ಮುಂದಿನ ಸಾಲಿನಲ್ಲಿದ್ದ ಗಂಡ.

ಅಕ್ಕ ಅಳುಕಲಿಲ್ಲ. "ಸಾವು ಮುಂದುವರಿಯುತ್ತದೆ" ಎಂದು ಘೋಷಿಸಿ, ಸೆರಗು ಸರಿಪಡಿಸಿಕೊಂಡು ಮಂಚದ ಮೇಲೆ ಮಲಗಿ, ಒಮ್ಮೆ ಕೆಮ್ಮಿ ಮತ್ತೆ ಸತ್ತರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಮಾಶಿಮಾ ಒಬ್ಬರೇ ಬಿಕ್ಕಿ ಬಿಕ್ಕಿ ಅತ್ತರು, ಅಷ್ಟೊಂದು ಕಷಾಯ ಕುಡಿಸಿದರೂ ಎರಡೆರಡು ಸಲ ಹೋದಳಲ್ಲ ಎಂದು.